ಐದನೆಯ ಚುಕ್ಕೆ

ಬೆಸುಗೆಯಕ್ಕ ಎಂದು ಮೊದಲು ಕರೆದವರು ಯಾರೆಂಬುದು ಅವಳಿಗೇ ನೆನಪಿರಲಿಲ್ಲ. ಬ್ರೈಲ್ ಮುದ್ರಣಾಲಯಕ್ಕೆ ಸೇರಿದ ವಾರದಲ್ಲೇ ಯಾರೋ ಹಾಗೆ ಕೂಗಿದರು, ಉಳಿದವರು ಹಿಡಿದುಕೊಂಡರು. ಅದಕ್ಕೂ ಮೊದಲು ಅವಳು ಒಂದು ರೇಡಿಯೋ ಕಾರ್ಖಾನೆಯಲ್ಲಿದ್ದಳು. ನಲವತ್ತು ಹೆಂಗಸರ ಸಾಲಿನಲ್ಲಿ ಹನ್ನೊಂದನೆಯವಳಾಗಿ ಕೂತು ದಿನಕ್ಕೆ ಎಂಟುನೂರು ಬೆಸುಗೆ ಹಾಕುತ್ತಿದ್ದಳು. ರೇಡಿಯೋ ಹೇಗೆ ಹಾಡುತ್ತದೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಊಟದ ಬಿಡುವಿನಲ್ಲಿ ತಪಾಸಣೆಯ ಮೇಜಿನ ಬಳಿ ನಿಂತು, ಬೈಸಿಕೊಂಡು, ಕದ್ದು ನೋಡಿ ಕಲಿತಳು. ಕಾರ್ಖಾನೆ ಮುಚ್ಚಿದಾಗ ಅವಳಿಗೆ ಇಪ್ಪತ್ತೊಂಬತ್ತು. ಈ ಕಥೆ ನಡೆಯುವಾಗ ಐವತ್ತೇಳು.

ಮುದ್ರಣಾಲಯ ಕಣ್ಣು ಕಾಣದ ಮಕ್ಕಳ ಶಾಲೆಗಳಿಗೆ ಪಠ್ಯಪುಸ್ತಕ ಅಚ್ಚು ಹಾಕುತ್ತಿತ್ತು. ಅಲ್ಲಿದ್ದ ಯಂತ್ರ ಸರಳವಾದದ್ದು: ದಪ್ಪ ಕಾಗದಕ್ಕೆ ಕೆಳಗಿನಿಂದ ಗುದ್ದುವ ಆರು ಸೂಜಿಗಳು, ಬ್ರೈಲ್ ಅಕ್ಷರದ ಆರು ಚುಕ್ಕೆಗಳಿಗೆ ಒಂದೊಂದರಂತೆ. ಆ ಸೂಜಿಗಳಿಗೆ ಅಪ್ಪಣೆ ಕೊಡುತ್ತಿದ್ದದ್ದು ಮೂವತ್ತು ವರ್ಷ ಹಳೆಯ ಕಂಪ್ಯೂಟರು. ಅದರೊಳಗೆ ಅಂಗೈ ಅಗಲದ ಒಂದು ಕಾರ್ಡು. ಮುದ್ರಣಾಲಯದ ಮೊದಲ ಎಂಜಿನಿಯರು ಕೈಯಾರೆ ಬರೆದು, ಕೈಯಾರೆ ಕೂಡಿಸಿದ ಕಾರ್ಡು ಅದು. ಯಾವ ಅಕ್ಷರಕ್ಕೆ ಯಾವ ಚುಕ್ಕೆಗಳು ಎಂಬ ಪಟ್ಟಿ ಅದರಲ್ಲೇ ಇತ್ತು. ಹೊಸ ಕಂಪ್ಯೂಟರುಗಳಲ್ಲಿ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ. ಎಂಜಿನಿಯರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ಬಿಟ್ಟುಹೋದದ್ದು ಪೆನ್ಸಿಲಿನಲ್ಲಿ ಬರೆದ ಒಂದು ನಕ್ಷೆ, ಕೆಲವು ಫ್ಲಾಪಿಗಳು ಮತ್ತು ಬೆಸುಗೆಯಕ್ಕ.

ಹೊಸ ಯಂತ್ರ ಬರುತ್ತದೆ ಎಂಬ ಮಾತು ಏಳು ವರ್ಷದಿಂದ ಇತ್ತು. ಅಲ್ಲಿಯವರೆಗೆ ಹಳೆಯದನ್ನು ಎಳೆದುಕೊಂಡು ಹೋಗುವುದು ಅವಳ ಪಾಲಿಗೆ ಬಂದಿತ್ತು. ಬೆಳಿಗ್ಗೆ ಬಂದು ಬೆಸುಗೆ ಕಡ್ಡಿಯ ಮೊನೆ ಒರೆಸಿ ಅದಕ್ಕೆ ತೆಳ್ಳಗೆ ಸೀಸ ಸವರುವಳು. ಕಪ್ಪಾದ ಮೊನೆ ಬೆಸುಗೆ ಹಿಡಿಯುವುದಿಲ್ಲ. ಕರಗಿದ ಬೆಸುಗೆಯನ್ನು ಹೀರುವ ಪಂಪಿನ ರಬ್ಬರ್ ಬಳೆಗೆ ಜಿಡ್ಡು ಹಚ್ಚುವಳು. ಮೀಟರಿನ ತಿರುಗಣೆಯನ್ನು ವಾರಕ್ಕೊಮ್ಮೆ ಸ್ಪಿರಿಟ್ ಹಾಕಿ ಆಡಿಸುವಳು. ಕೆಟ್ಟದ್ದನ್ನು ಸರಿಮಾಡುವ ಸಾಮಾನುಗಳೇ ಕೆಡುವ ಕಾಲ ಬಂದಿತ್ತು. ಮನೆಯಲ್ಲಿ ಅವಳನ್ನು ಸಾಕಿ ಬೆಳೆಸಿದ ಅಕ್ಕನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಐದಕ್ಕೆ ಎದ್ದು ಅಕ್ಕನನ್ನು ತೊಳೆದು, ಉಣಿಸಿ, ಪಕ್ಕದ ಮನೆಯಾಕೆಯ ಸುಪರ್ದಿಗೆ ಬಿಟ್ಟು ಬರಬೇಕು. ಸಂಜೆ ಹೋಗಿ ಮತ್ತೆ ಅದೇ ಕೆಲಸ. ಮೇಜಿನ ಮುಂದೆ ಕೂತಾಗ ಮಾತ್ರ ಕಾಲಿಗೆ ಬಿಡುವು.

ಪರೀಕ್ಷೆಗೆ ಹತ್ತು ದಿನ ಇರುವಾಗ, ಒಂದು ಸೋಮವಾರ ಬೆಳಿಗ್ಗೆ, ಕಂಪ್ಯೂಟರು ಏಳಲಿಲ್ಲ. ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಅರವತ್ತಮೂರು ಮಕ್ಕಳ ಗಣಿತ ಪುಸ್ತಕದ ಕೊನೆಯ ಭಾಗ ಇನ್ನೂ ಅಚ್ಚಾಗಬೇಕಿತ್ತು.

ಕರಡು ಓದುವವರು ಗೋಡೆ ಸವರುತ್ತ ಕೋಣೆಗೆ ಬಂದರು. ಹುಟ್ಟಿನಿಂದ ಕಣ್ಣು ಕಾಣದವರು. ಅಚ್ಚಾದ ಪ್ರತಿ ಹಾಳೆಯೂ ಅವರ ಬೆರಳಿನ ಕೆಳಗೆ ಹಾದೇ ಹೊರಗೆ ಹೋಗಬೇಕು. ಕರಡು ತಿದ್ದುವವರು, ಮೇಲಾಗಿ ಭಾರೀ ಆಳು, ಮೈತುಂಬ ಕೂದಲು. ಹಾಗಾಗಿ ಎಲ್ಲರ ಬಾಯಲ್ಲೂ ಕರಡಿ ಮಾಮ.

"ಬೆಸುಗೆ, ಈ ಕೋಣೇಲಿ ಮೂರು ದಿನದಿಂದ ಮೀನಿನ ವಾಸನೆ," ಅಂದರು.

"ನಂಗೇನೂ ಬರ್ತಿಲ್ಲ ಮಾಮ."

"ನಿನ್ನ ಮೂಗು ಬೆಸುಗೆ ಹೊಗೆ ಕುಡಿದು ಕುಡಿದು ಸತ್ತಿದೆ. ಮೀನೇ ಅದು. ಹಳಸಿದ್ದು."

ಅವಳಿಗೆ ಗೊತ್ತಾಯಿತು. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರು ಎಂಬ ಚಿಕ್ಕ ಡಬ್ಬಿಗಳು ಹಳೆಯದಾಗಿ ಸೋರಿದರೆ ಹಾಗೇ ನಾರುತ್ತವೆ. ವಿದ್ಯುತ್ ಪೆಟ್ಟಿಗೆಯ ತಂತಿ ಕಿತ್ತು, ಒಳಗೆ ಉಳಿದ ಹರಿವು ಇಳಿಯಲಿ ಎಂದು ಅರ್ಧ ಗಂಟೆ ಬಿಟ್ಟು ಬಿಚ್ಚಿದಳು. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಯಾವ ಡಬ್ಬಿಯೂ ಉಬ್ಬಿರಲಿಲ್ಲ. ತಂತಿ ಮತ್ತೆ ಸಿಕ್ಕಿಸಿ ಅಳೆದಾಗ ಮೀಟರಿನಲ್ಲಿ ಐದು ವೋಲ್ಟು ಬರಬೇಕಾದ ಕಡೆ ಐದೇ ತೋರಿತು. ಆದರೆ ಮೀಟರು ಸರಾಸರಿ ಹೇಳುವ ಸಾಧನ, ಒಳಗಿನ ನಡುಕ ಅದಕ್ಕೆ ಕಾಣದು. ಅದಕ್ಕೆ ಸ್ಕೋಪು ಬೇಕು. ವಿದ್ಯುತ್ತಿನ ಏರಿಳಿತವನ್ನು ಹಸಿರು ಗೆರೆಯಾಗಿ ಬರೆದು ತೋರಿಸುವ, ಸಣ್ಣ ಪೆಟ್ಟಿಗೆಯಂಥ ಭಾರದ ಸಾಧನ.

ಸ್ಕೋಪು ಹಾಕಿದಳು. ಗೆರೆ ಬರಲಿಲ್ಲ.

ಅವಳು ಸ್ಟೂಲಿನ ಮೇಲೆ ಕೂತಳು. "ವೈದ್ಯನಿಗೇ ಜ್ವರ," ಅಂದಳು.

"ಸಾಯೋದಕ್ಕೆ ಒಳ್ಳೇ ದಿನ ನೋಡಿಕೊಂಡಿದೆ," ಎಂದರು ಕರಡಿ ಮಾಮ.

ಮಂಗಳವಾರವಿಡೀ ಸ್ಕೋಪಿಗೇ ಹೋಯಿತು. ಮೊದಲು ಗುಂಡಿಗಳನ್ನೆಲ್ಲ ನೋಡಿದಳು. ಒರೆಸುವಾಗ ಯಾರಾದರೂ ತಿರುಗಿಸಿದ್ದರೆ ಗೆರೆ ಪರದೆಯಿಂದ ಆಚೆ ಹೋಗಿರುತ್ತದೆ. ಇಲ್ಲ. ಮುಚ್ಚಳ ತೆಗೆದಳು. ಒಳಗೆ ಸಾವಿರಾರು ವೋಲ್ಟು ಇರುವ ಜಾಗ, ಹರಿವು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯದಂತೆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಮುಟ್ಟಬೇಕು. ಕಾರ್ಖಾನೆಯಲ್ಲಿ ಬೈಸಿಕೊಂಡು ಕಲಿತ ಪಾಠಗಳಲ್ಲಿ ಅದೊಂದು. ಒಂದೊಂದೇ ಹಂತ ಅಳೆಯುತ್ತ ಬಂದಳು. ಮಧ್ಯಾಹ್ನ ನಾಲ್ಕಕ್ಕೆ, ಒಣಗಿದ ಮರದ ಕಡ್ಡಿಯಿಂದ ಬಿಡಿಭಾಗಗಳನ್ನು ಕೂರಿಸಿದ ಹಲಗೆಯ ಮೂಲೆಯನ್ನು ಮೆಲ್ಲಗೆ ಒತ್ತಿದಾಗ ಗೆರೆ ಮಿಂಚಿ ಮಾಯವಾಯಿತು. ಭೂತಗನ್ನಡಿ ಹಿಡಿದು ನೋಡಿದರೆ ಒಂದು ಬಿಡಿಭಾಗದ ಕಾಲಿನ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟಿತ್ತು, ಕೂದಲಿಗಿಂತ ಸಣ್ಣದು. ವರ್ಷಗಟ್ಟಲೆ ಕಾದು, ಆರಿ, ಕಾದು, ಆರಿ ಬಿಟ್ಟ ಬಿರುಕು. ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದಳು. ಎರಡು ನಿಮಿಷದ ಕೆಲಸ, ಹುಡುಕಲು ಏಳು ಗಂಟೆ.

ಬುಧವಾರ ಸ್ಕೋಪಿನಲ್ಲಿ ನೋಡಿದಾಗ ನೇರವಾಗಿರಬೇಕಾದ ಐದು ವೋಲ್ಟಿನ ಗೆರೆ ಗರಗಸದ ಹಲ್ಲಿನಂತಿತ್ತು. ನಾಲ್ಕು ಕೆಪಾಸಿಟರು ಬದಲಾಯಿಸಿದಳು. ಕಿತ್ತವುಗಳ ಬುಡ ಒದ್ದೆಯಾಗಿತ್ತು, ಕರಡಿ ಮಾಮನ ಮೂಗಿನ ಹತ್ತಿರ ಹಿಡಿದಾಗ ಅವರು ಮುಖ ಹಿಂದಕ್ಕೆಳೆದು, "ನಾನು ಹೇಳಲಿಲ್ವಾ? ಇನ್ನು ಮೇಲೆ ನಂಗೂ ಒಂದು ಸ್ಟೂಲು ಹಾಕಿಸು," ಅಂದರು. ಕಂಪ್ಯೂಟರು ಎದ್ದಿತು. ಮ್ಯಾನೇಜರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಹೋದರು.

ಗುರುವಾರ ಬೆಳಿಗ್ಗೆ ಮೊದಲ ಹಾಳೆ ಹೊರಬಂತು. ಕರಡಿ ಮಾಮ ಬೆರಳಿಟ್ಟರು. ಒಂದು ಸಾಲು ಓದಿದರು. ಮತ್ತೆ ಓದಿದರು.

"ಬೆಸುಗೆ, ಗಣಿತದ ಲೆಕ್ಕ ಇದು, ಹೌದಲ್ವಾ?"

"ಹೌದು. ಯಾಕೆ?"

"ತೋಟದಲ್ಲಿ 'ಹತ್ತು ಮರ' ಅಂತಿರಬೇಕು. ಇಲ್ಲಿ 'ಬಸ್ಸು ಮಲ' ಅಂತಿದೆ."

ಯಂತ್ರ ನಡೆಸುತ್ತಿದ್ದವನು ನಕ್ಕುಬಿಟ್ಟ. ಕರಡಿ ಮಾಮ ನಗಲಿಲ್ಲ. "ಮಕ್ಕಳಿಗೇನೋ ಇಷ್ಟವಾಗುತ್ತೆ," ಎಂದು ಹಾಳೆಯನ್ನು ಮತ್ತೆ ಸವರಿದರು. "ಐದನೇ ಚುಕ್ಕೆ ಬಿದ್ದೇ ಇಲ್ಲ. ಎಲ್ಲೂ."

ಐದನೆಯದು ಬಲಸಾಲಿನ ನಡುವಿನ ಚುಕ್ಕೆ. ಅದೊಂದು ಹೋದರೆ ಹ ಎಂಬುದು ಬ ಆಗುತ್ತದೆ, ತ ಎಂಬುದು ಸ, ರ ಎಂಬುದು ಲ, ನ ಎಂಬುದು ಮ. ಅವಳು ಸೂಜಿಯನ್ನು ನೋಡಿದಳು, ಕೈಯಿಂದ ಒತ್ತಿದರೆ ಚೆನ್ನಾಗಿಯೇ ಏಳುತ್ತಿತ್ತು. ಕೇಬಲ್ ಸರಿಯಿತ್ತು. ಉಳಿದದ್ದು ಕಾರ್ಡು. ಅದನ್ನು ಹೊರಗೆಳೆದು ತಿರುಗಿಸಿದಳು.

ಕಾರ್ಡಿನ ಮೂಲೆಯಲ್ಲಿ, ಅಕ್ಷರಗಳ ಪಟ್ಟಿಯನ್ನು ನೆನಪಿನಲ್ಲಿಡಲು ಒಂದು ಪುಟ್ಟ ಬ್ಯಾಟರಿ ಇತ್ತು. ಅದು ಸೋರಿ, ಸುತ್ತಲೂ ಹಸಿರು ಹಿಟ್ಟು ಕಟ್ಟಿ, ಸೂಜಿಗಳಿಗೆ ಹೋಗುವ ಆರು ತಾಮ್ರದ ಗೆರೆಗಳಲ್ಲಿ ಒಂದನ್ನು ತಿಂದುಹಾಕಿತ್ತು.

ಆ ಬ್ಯಾಟರಿಯನ್ನು ಎರಡು ವರ್ಷದ ಹಿಂದೆಯೇ ಅವಳು ಬದಲಾಯಿಸಬೇಕಿತ್ತು. ಅದನ್ನು ಕಿತ್ತರೆ ಪಟ್ಟಿ ಅಳಿಸಿಹೋಗುತ್ತದೆ, ಮತ್ತೆ ಹಳೆಯ ಫ್ಲಾಪಿಗಳಿಂದ ತುಂಬಬೇಕು, ಮೂರು ಗಂಟೆ ಹಿಡಿಯುತ್ತದೆ. ಬೆಳಿಗ್ಗೆಯೇ ದಿನದ ಕೆಲಸಗಳನ್ನು ದಾಖಲೆ ಪುಸ್ತಕದಲ್ಲಿ ಬರೆದುಬಿಟ್ಟು, ಆಮೇಲೆ ಒಂದೊಂದೇ ಮಾಡುವುದು ಅವಳ ರೂಢಿ. 'ಕಾರ್ಡಿನ ಬ್ಯಾಟರಿ ಬದಲಾಯಿಸಲಾಯಿತು' ಎಂದು ಬರೆದು ಸಹಿ ಹಾಕಿದ್ದಳು. ಹನ್ನೊಂದು ಗಂಟೆಗೆ ಪಕ್ಕದ ಮನೆಯಾಕೆಯ ಫೋನ್ ಬಂತು: ಅಕ್ಕ ಬಚ್ಚಲಲ್ಲಿ ಬಿದ್ದಿದ್ದಾರೆ, ಬಾಯಿ ಸೊಟ್ಟಗಾಗಿದೆ. ಅವಳು ಓಡಿದಳು. ಇಪ್ಪತ್ತು ದಿನ ಬಿಟ್ಟು ಬಂದಾಗ ಆ ಸಾಲು ಕಣ್ಣಿಗೆ ಬಿತ್ತು. ನಾಳೆ ಮಾಡೋಣ ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುವುದು ಅವಳಿಗೆ ಗೊತ್ತಿಲ್ಲದ ಗಾದೆಯಲ್ಲ. ಆದರೆ ಆ ದಿನಗಳಲ್ಲಿ ನಿಂತಲ್ಲೇ ನಿದ್ದೆ ಬರುತ್ತಿತ್ತು. ನಾಳೆಗಳು ಒಂದರ ಮೇಲೊಂದು ಬಿದ್ದು ಆ ಸಾಲು ಮರೆತೇಹೋಯಿತು.

ಮ್ಯಾನೇಜರು ಬಂದರು. ಹಿಂದೆ ಮೇಷ್ಟರಾಗಿದ್ದವರು, ಕೆಟ್ಟ ಮನುಷ್ಯರಲ್ಲ. ಎಲ್ಲದಕ್ಕೂ ಕಾರಣ ಬೇಗ ಸಿಗಬೇಕು, ಅಷ್ಟೆ. ಹಸಿರು ಹಿಟ್ಟು ನೋಡಿ ದಾಖಲೆ ಪುಸ್ತಕ ತೆರೆದರು.

"ಬ್ಯಾಟರಿ ಹೊಸದು ಹಾಕಿ ಎರಡೇ ವರ್ಷ. ಅಂದ್ಮೇಲೆ ಇದು ನೀರಿನ ಕೆಲಸ," ಅಂದರು. "ಗುಬ್ಬೀನ ಕರೀರಿ."

ಗುಬ್ಬಿ ಎಂದರೆ ಮುದ್ರಣಾಲಯವನ್ನು ಗುಡಿಸಿ ಒರೆಸುವ ಹೆಂಗಸು. ಗಿಡ್ಡ ಆಳು, ಬಾಯಿಗೆ ಬಿಡುವಿಲ್ಲ. ಬಕೆಟ್ಟಿನ ಜೊತೆಗೂ ಮಾತಾಡುವಳು, ಮಾತಿಲ್ಲದಿದ್ದರೆ ಹಾಡುವಳು. ಯಂತ್ರಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಹಿಂದೊಮ್ಮೆ ಬೈಸಿಕೊಂಡಿದ್ದಳು.

"ಎಷ್ಟು ಸಲ ಹೇಳಿದೀನಿ ನಿನಗೆ? ಇದರ ಮೇಲೂ ನೀರು ಹಾಕಿದ್ಯಾ?"

"ಇಲ್ಲ ಸರ್! ಆ ಬೈಗುಳ ತಿಂದ ಮೇಲೆ ಅದರ ಹತ್ತಿರಕ್ಕೂ ಹೋಗಿಲ್ಲ. ದೂಳು ಕೂಡ ಹೊಡೀತಿಲ್ಲ. ಬೇಕಾದ್ರೆ ಅಕ್ಕನ್ನ ಕೇಳಿ."

ಎಲ್ಲರೂ ಬೆಸುಗೆಯಕ್ಕನ ಕಡೆ ನೋಡಿದರು. ಅವಳ ಕೈಯಲ್ಲಿ ಕಾರ್ಡಿತ್ತು. ಬಾಯಿ ತೆರೆದರೆ ಒಂದು ಮಾತು ಸಾಕಿತ್ತು. ಅವಳು ಕಾರ್ಡಿನ ಕಡೆ ಬಗ್ಗಿ, "ಮೊದಲು ಇದನ್ನ ಸರಿಮಾಡ್ತೀನಿ ಸರ್. ದಿನ ಇಲ್ಲ," ಅಂದಳು.

ಶುಕ್ರವಾರ ಅವಳು ತಲೆ ಎತ್ತಲಿಲ್ಲ. ಬ್ಯಾಟರಿ ಕಿತ್ತಳು. ಹಸಿರು ಹಿಟ್ಟಿಗೆ ಹತ್ತಿಯಿಂದ ವಿನೆಗರ್ ಮುಟ್ಟಿಸಿದಾಗ ಅದು ನೊರೆಯೆದ್ದು ಕರಗಿತು. ಆಮೇಲೆ ಸ್ಪಿರಿಟ್ಟಿನಿಂದ ತೊಳೆದಳು. ಬ್ಲೇಡಿನ ತುದಿಯಿಂದ ತಿಂದುಹೋದ ಗೆರೆಯ ಎರಡೂ ತುದಿಗಳನ್ನು ತಾಮ್ರ ಹೊಳೆಯುವವರೆಗೆ ಕೆರೆದಳು. ನಡುವಿನ ಜಾಗಕ್ಕೆ ಕೂದಲೆಳೆಯಂಥ ತಂತಿ ಮಲಗಿಸಿ ಬೆಸೆಯಬೇಕು. ಮೊದಲ ಸಲ ತಂತಿ ಅಂಟಲಿಲ್ಲ, ಎರಡನೆಯ ಸಲ ಪಕ್ಕದ ಗೆರೆಗೆ ತಾಗಿತು. ಮೊಣಕೈಗಳನ್ನು ಮೇಜಿಗೆ ಊರಿ, ಉಸಿರು ಹಿಡಿದು, ಮೂರನೆಯ ಸಲ ಕೂರಿಸಿದಳು. ಹೊಸ ಬ್ಯಾಟರಿಯನ್ನು ಕಾರ್ಡಿನಿಂದ ದೂರ, ತಂತಿಯ ತುದಿಗೆ ಕಟ್ಟಿದಳು, ಸೋರಿದರೂ ಬೇರೆ ಕಡೆ ಸೋರಲಿ ಎಂದು. ಫ್ಲಾಪಿಗಳನ್ನು ಒಂದೊಂದಾಗಿ ಹಾಕಿದಳು. ಎರಡನೆಯದು ಓದಲಿಲ್ಲ, ಡ್ರೈವಿನ ತಲೆ ಒರೆಸಿ ಮತ್ತೆ ಹಾಕಿದಾಗ ಗೊಣಗುತ್ತ ಓದಿತು.

ನಾಲ್ಕು ಗಂಟೆಗೆ ಹಾಳೆ ಬಂತು. ಕರಡಿ ಮಾಮ ಬೆರಳಿಟ್ಟು, "ಹತ್ತು ಮರ," ಅಂದರು. "ಬಸ್ಸು ಹೋಯ್ತು."

ಅವಳು ನಗಲಿಲ್ಲ. ಅವರು ಹಾಳೆ ಕೆಳಗಿಟ್ಟರು.

"ಗುಬ್ಬಿ ಇವತ್ತು ಹಾಡಲಿಲ್ಲ, ಗಮನಿಸಿದ್ಯಾ?" ಅಂದರು. "ಕಾಗದ ಕೊಟ್ಟಿದಾರಂತೆ ಅವಳಿಗೆ. ಇನ್ನೊಂದು ತಪ್ಪಾದ್ರೆ ಮನೆಗೆ ಅಂತ. ನನ್ನ ಹತ್ತಿರ ತಂದು ಓದಿಸೋಕೆ ನೋಡಿದ್ಳು, ಪಾಪ. ಅವಳಿಗೆ ಅಕ್ಷರ ಬರಲ್ಲ, ನಂಗೆ ಆ ಅಕ್ಷರ ಕಾಣಲ್ಲ. ಕೊನೆಗೆ ಯಂತ್ರದವನು ಓದಿ ಹೇಳಿದ."

"ಮಾಮ, ಆ ಬ್ಯಾಟರಿ ಹಳೇದು."

"ನಂಗೆ ಯಾಕೆ ಹೇಳ್ತೀಯ?" ಅಂದರು ಅವರು, ಮೆಲ್ಲಗೆ. "ನಾನೇನು ಕಾಗದ ಕೊಟ್ಟೋನಲ್ಲ."

ಆ ಸಂಜೆ ಅಕ್ಕನಿಗೆ ಗಂಜಿ ಉಣಿಸುತ್ತ ಅವಳಿಗೆ ಎಲ್ಲವನ್ನೂ ಹೇಳಿದಳು. ಅಕ್ಕನಿಗೆ ಮಾತು ಅರ್ಥವಾಗುತ್ತಿತ್ತು, ಆಡಲು ಆಗುತ್ತಿರಲಿಲ್ಲ. ಎಡಗೈಯಿಂದ ಚಮಚವನ್ನು ಪಕ್ಕಕ್ಕೆ ತಳ್ಳಿ ತಂಗಿಯ ಮುಖವನ್ನೇ ನೋಡಿದಳು. ಅದು ಸಿಟ್ಟೋ ಕನಿಕರವೋ ತಿಳಿಯಲಿಲ್ಲ. ತಾನು ಬಿದ್ದ ದಿನದ ಕತೆ ಅದೆಂದು ಅವಳಿಗೆ ಗೊತ್ತಾಗಿರಬೇಕು; ಕಣ್ಣಲ್ಲಿ ನೀರು ತುಂಬಿತು. "ನಿಂದೇನೂ ತಪ್ಪಿಲ್ಲಕ್ಕ," ಎಂದು ಬೆಸುಗೆಯಕ್ಕ ಬಾಯಿ ಒರೆಸಿದಳು. "ನಿನ್ನಿಂದಾಯ್ತು ಅಂತ ನಾನು ಹೇಳ್ತಿಲ್ಲ. ನೀನು ಬಿದ್ದಿದ್ದು ಒಂದೇ ದಿನ. ಬಾಕಿ ಏಳುನೂರು ದಿನ ನನ್ನವೇ."

ಶನಿವಾರ ಬೆಳಿಗ್ಗೆ ಮ್ಯಾನೇಜರು ಕೋಟು ತೂಗುಹಾಕುವ ಮೊದಲೇ ಅವಳು ಅವರ ಕೋಣೆಯಲ್ಲಿದ್ದಳು. ದಾಖಲೆ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು.

"ಸರ್, ಇದು ಸುಳ್ಳು. ಬ್ಯಾಟರಿ ಬದಲಾಯಿಸಿರಲಿಲ್ಲ. ಸೋರಿದ್ದು ಹಳೇದೇ. ಗುಬ್ಬಿ ನೀರು ಹಾಕಿಲ್ಲ."

ಅವರು ಕನ್ನಡಕ ತೆಗೆದರು, ಹಾಕಿಕೊಂಡರು. "ನೀವಾ?" ಅಂದರು. ಪುಸ್ತಕ ಮುಚ್ಚಿ, "ಮೊನ್ನೇನೇ ಹೇಳಬಹುದಿತ್ತಲ್ಲ ಅಮ್ಮ."

"ಹೇಳಬೇಕಿತ್ತು."

"ಮನೆ ಕಷ್ಟ ಗೊತ್ತು ನಂಗೆ. ಆದ್ರೆ ಇದನ್ನ ಹಂಗೇ ಹೊಟ್ಟೆಗೆ ಹಾಕಿಕೊಳ್ಳೋಕಾಗಲ್ಲ. ಬರೆದು ಕೊಡಬೇಕಾಗುತ್ತೆ."

"ಕೊಡಿ ಸರ್."

ಇಪ್ಪತ್ತೆಂಟು ವರ್ಷದಲ್ಲಿ ಅವಳಿಗೆ ಬಂದ ಮೊದಲ ಎಚ್ಚರಿಕೆಯ ಕಾಗದ ಅದು. ಗುಬ್ಬಿಯ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರು. ಬೆಸುಗೆಯಕ್ಕನನ್ನು ನಿವೃತ್ತಿಯ ನಂತರವೂ ಎರಡು ವರ್ಷ ಇಟ್ಟುಕೊಳ್ಳುವ ಮಾತೊಂದು ಹಿಂದಿನ ತಿಂಗಳು ಎದ್ದಿತ್ತು. ಅದು ಮತ್ತೆ ಏಳಲಿಲ್ಲ. ಅವಳೂ ಕೇಳಲಿಲ್ಲ.

ಗುಬ್ಬಿಗೆ ತಾನೇ ಹೇಳಬೇಕೆಂದು ಹಿತ್ತಲಿಗೆ ಹೋದಳು. ಗುಬ್ಬಿ ನಲ್ಲಿಯ ಕೆಳಗೆ ಬಕೆಟ್ ಇಟ್ಟು ನಿಂತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಬಕೆಟ್ ತುಂಬಿ ಹರಿಯಿತು, ನಲ್ಲಿ ನಿಲ್ಲಿಸಲಿಲ್ಲ.

"ನೀವು ಅಲ್ಲೇ ನಿಂತಿದ್ರಿ ಅಕ್ಕ," ಅಂದಳು. "ಅವರು ಎಲ್ಲರೆದುರು ನನ್ನ ಬೈತಿದ್ದಾಗ ನೀವು ಅಲ್ಲೇ ನಿಂತಿದ್ರಿ. ನಿಮ್ಮನ್ನ ಕೇಳಿ ಅಂತ ನಾನೇ ಅಂದೆ."

"ಹೌದು."

"ಕಾಗದ ವಾಪಸ್ ತಗೊಂಡ್ರು. ಬೈಗುಳ ಯಾರು ವಾಪಸ್ ತಗೋತಾರೆ?"

ಬೆಸುಗೆಯಕ್ಕ ಬಕೆಟ್ ಎತ್ತಲು ಕೈ ನೀಡಿದಳು. ಗುಬ್ಬಿ ತಾನೇ ಎತ್ತಿಕೊಂಡು ಹೋದಳು, ದಾರಿಯುದ್ದಕ್ಕೂ ನೀರು ಚೆಲ್ಲುತ್ತ.

ಭಾನುವಾರವೂ ಯಂತ್ರ ಓಡಿತು. ಬುಧವಾರ ಮಧ್ಯಾಹ್ನ, ಪರೀಕ್ಷೆಯ ಹಿಂದಿನ ದಿನ, ಅರವತ್ತಮೂರು ಪುಸ್ತಕಗಳೂ ವ್ಯಾನು ಹತ್ತಿದವು. ತಡವಾಗಿಯೇ ತಲುಪಿದವು ಎನ್ನಬೇಕು. ಒಂದೇ ಸಂಜೆಯಲ್ಲಿ ಮಕ್ಕಳು ಏನು ಓದಿದರೋ. ಶಾಲೆಯೊಂದರ ಹೆಡ್‌ಮಾಸ್ತರರು ಫೋನ್ ಮಾಡಿ ಗದರಿದರು ಎಂದು ಕೇಳಿದಾಗ ಅವಳು ಹೌದೆಂದು ತಲೆಯಾಡಿಸಿದಳು.

ಒಂದೂವರೆ ತಿಂಗಳು ಗುಬ್ಬಿ ಆ ಕೋಣೆಗೆ ಬರುತ್ತಿದ್ದದ್ದು ಕಸ ತೆಗೆಯಲು ಮಾತ್ರ. ಗುಡಿಸಿ, ತುಟಿ ಬಿಚ್ಚದೆ ಹೋಗುವಳು. ಮಾತಿನ ಮಳೆಗೆ ಒಗ್ಗಿದ ಕಿವಿಗೆ ಪೊರಕೆಯ ಸದ್ದು ಬಲು ದೊಡ್ಡದಾಗಿ ಕೇಳುತ್ತಿತ್ತು. ಬೆಸುಗೆಯಕ್ಕ ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದಳು. ಹೇಳುವುದನ್ನು ಹೇಳಿಯಾಗಿತ್ತು, ಇನ್ನು ಕೇಳಿದರೆ ತನ್ನ ಭಾರ ಇಳಿಸಿಕೊಳ್ಳಲು ಅವಳನ್ನು ಪೀಡಿಸಿದಂತೆ.

ಒಂದು ದಿನ ಗುಬ್ಬಿ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಇಸ್ತ್ರಿಪೆಟ್ಟಿಗೆ.

"ಕಾಯ್ತಾ ಇಲ್ಲ," ಅಂದಳು, ಗೋಡೆ ನೋಡುತ್ತ. "ಅಂಗಡಿಯವನು ಎಸೀರಿ ಅಂದ. ನಿಮ್ಮ ಕೈಲಿ ಆಗುತ್ತಾ?"

ಆ ದಿನ ಬೆಸುಗೆಯಕ್ಕನಿಗೆ ಬೆನ್ನು ಎತ್ತಲೂ ಆಗುತ್ತಿರಲಿಲ್ಲ. ಹಿಂದಿನ ರಾತ್ರಿ ಅಕ್ಕನಿಗೆ ಕೆಮ್ಮು. "ಇಲ್ಲೇ ಕೂತ್ಕೋ," ಅಂದಳು. ಮೀಟರು ಹಚ್ಚಿ, ವೈರನ್ನು ಪೆಟ್ಟಿಗೆಯ ಕುತ್ತಿಗೆಯ ಹತ್ತಿರ ಬಾಗಿಸಿದಾಗ ಮುಳ್ಳು ಕುಣಿಯಿತು. ಒಳಗೇ ತುಂಡಾಗಿತ್ತು. ಕೆಟ್ಟ ಭಾಗ ಕತ್ತರಿಸಿ ಮತ್ತೆ ಕೂಡಿಸುವುದು ಹತ್ತು ನಿಮಿಷದ ಕೆಲಸ. ಮೂರನೆಯ ನಿಮಿಷಕ್ಕೆ ಗುಬ್ಬಿಗೆ ತಡೆಯಲಾಗಲಿಲ್ಲ.

"ಅಂಗಡಿಯವನ ಮೂತಿ ನೋಡಬೇಕಿತ್ತು ಅಕ್ಕ, ಹೊಸದು ತಗೊಳ್ಳಿ ತಗೊಳ್ಳಿ ಅಂತ ಬೆನ್ನು ಬಿದ್ದಿದ್ದ. ನನ್ನ ಸೊಸೆ ಬೇರೆ..." ಎಂದು ಶುರುವಾದದ್ದು ಸೊಸೆ, ಸೊಸೆಯ ತಾಯಿ, ಬೀದಿಯ ಚರಂಡಿ, ಮಹಡಿಯವರ ನಾಯಿ ಎಂದು ಹರಿದುಕೊಂಡು ಹೋಯಿತು. ಬೆಸುಗೆಯಕ್ಕ ಮಧ್ಯೆ ಮಧ್ಯೆ ಹೂಂಗುಟ್ಟಿದಳು. ಕಣ್ಣೆವೆ ಭಾರವಾಗಿ ಒಮ್ಮೆ ತಲೆ ತೂಗಿತು.

"ನಿದ್ದೆ ಮಾಡ್ತಿದೀರಾ?"

"ಇಲ್ಲ ಇಲ್ಲ. ನಾಯಿ ಏನು ಮಾಡ್ತು?"

ಮರುವರ್ಷ ಅವಳು ನಿವೃತ್ತಳಾದಳು. ನಾಲ್ಕು ತಿಂಗಳಲ್ಲಿ ಹೊಸ ಯಂತ್ರ ಬಂತು. ಸದ್ದೇ ಇಲ್ಲ, ಅದರ ಪಕ್ಕ ಕೂತರೆ ಕೆಲಸ ನಡೀತಿದೆಯೋ ಇಲ್ಲವೋ ಗೊತ್ತಾಗಲ್ಲ ಎಂದು ಕರಡಿ ಮಾಮ ಫೋನಿನಲ್ಲಿ ದೂರಿದರು. ಈಗ ಅವಳು ಮನೆಯಲ್ಲೇ ಅಕ್ಕನ ಜೊತೆ ಇರುತ್ತಾಳೆ. ಬೀದಿಯವರು ಟಾರ್ಚು, ರೇಡಿಯೋ, ಫ್ಯಾನು ತಂದುಕೊಟ್ಟು ಹೋಗುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ನೋಡುತ್ತಾಳೆ, ಅದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರು ಬಾಗಿಲು ಬಡಿದರೂ ತೆಗೆಯುವುದಿಲ್ಲ. ಅಕ್ಕ ತಂಗಿ ಇಬ್ಬರೂ ಮಲಗಿರುತ್ತಾರೆ.